ಬೇರಿನ ಕೆಂಪು: ಮಿಡಿಗೇಶಿ ಸೀಮೆಯ ಬಣ್ಣದ ಮರಗಳು

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಹಾದಿಯಲ್ಲಿರುವ ಮಿಡಿಗೇಶಿಯನ್ನೂ ಅದರ ಸುತ್ತಣ ಶಿರಾ, ಕೊರಟಗೆರೆ, ಪಾವಗಡ ಸೀಮೆಗಳನ್ನೂ ಚರಿತ್ರೆಕಾರರು ಬಹುಮಟ್ಟಿಗೆ ಕೋಟೆಗಳ ಮೂಲಕವೇ ಓದುತ್ತ ಬಂದಿದ್ದಾರೆ. ಹೆಬ್ಬಂಡೆಗೆ ಹೊಂದಿಸಿ ಕಟ್ಟಿದ ಗೋಡೆಗಳು, ಅವನ್ನು ಕಟ್ಟಿಸಿದ ನಾಡಪ್ರಭುಗಳು, 1678ರಲ್ಲಿ ಮಧುಗಿರಿಯನ್ನು ಗೆದ್ದ ಚಿಕ್ಕದೇವರಾಜ ಒಡೆಯರು, 1687ರಲ್ಲಿ ಶಿರಾವನ್ನು ತಮ್ಮ ಸುಬಾದ ರಾಜಧಾನಿ ಮಾಡಿಕೊಂಡ ಮೊಗಲರು, 1761ರಲ್ಲಿ ಅದನ್ನು ವಶಪಡಿಸಿಕೊಂಡ ಹೈದರ್ ಅಲಿ, ಇವರೆಲ್ಲರ ಕಥೆ ಪುಸ್ತಕಗಳಲ್ಲಿ ಬೇಕಾದಷ್ಟಿದೆ. ಆದರೆ ಆ ಕೋಟೆಗಳ ಕೆಳಗಿನ ಪೇಟೆಗಳಲ್ಲಿ ಜನ ಉಟ್ಟ ಸೀರೆಯ ಅಂಚು, ತಲೆಗೆ ಸುತ್ತಿದ ರುಮಾಲು, ವ್ಯಾಪಾರಿಯ ಲೆಕ್ಕದ ಪುಸ್ತಕಕ್ಕೆ ಹೊದಿಸಿದ ದಪ್ಪ ಬಟ್ಟೆ ಇವುಗಳ ಕೆಂಪು ಎಲ್ಲಿಂದ ಬರುತ್ತಿತ್ತು ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ. ದಖ್ಖನಿನ ಒಣ ಬಯಲಿನ ಹತ್ತಿಬಟ್ಟೆಗೆ ಆ ಕೆಂಪನ್ನು ಕೊಡುತ್ತಿದ್ದವುಗಳಲ್ಲಿ ಮುಖ್ಯವಾದುದು ಮಡ್ಡಿ ಎಂಬ ಮರದ ಬೇರು. ಅದರಲ್ಲಿರುವ ದ್ರವ್ಯ ರಸಾಯನಶಾಸ್ತ್ರಜ್ಞರು ಕ್ವಿನೋನ್ ಎಂದು ಕರೆಯುವ ಗುಂಪಿಗೆ ಸೇರಿದ್ದು.

ಆರು ಇಂಗಾಲದ ಪರಮಾಣುಗಳ ಉಂಗುರವೊಂದರಲ್ಲಿ ಎರಡು ಆಮ್ಲಜನಕದ ಪರಮಾಣುಗಳು ಜೋಡಿ ಬಂಧಗಳಿಂದ ಕೂಡಿಕೊಂಡಿದ್ದರೆ ಅಂಥ ರಚನೆಯುಳ್ಳ ವಸ್ತುವನ್ನು ಸ್ಥೂಲವಾಗಿ ಕ್ವಿನೋನ್ ಎನ್ನುತ್ತಾರೆ. ಉಂಗುರ ಒಂದೇ ಆದರೆ ಬೆಂಜೋಕ್ವಿನೋನ್, ಎರಡು ಅಂಟಿಕೊಂಡಿದ್ದರೆ ನ್ಯಾಫ್ಥೋಕ್ವಿನೋನ್, ಮೂರು ಸಾಲಾಗಿ ನಿಂತು ನಡುವಿನದು ಆಮ್ಲಜನಕವನ್ನು ಹೊತ್ತಿದ್ದರೆ ಆಂಥ್ರಾಕ್ವಿನೋನ್. ಈ ರಚನೆ ಬೆಳಕಿನ ಒಂದು ಭಾಗವನ್ನು ಹೀರಿಕೊಳ್ಳುವುದರಿಂದ ಇವುಗಳಲ್ಲಿ ಹೆಚ್ಚಿನವು ಹಳದಿ, ಕಿತ್ತಳೆ ಅಥವಾ ಕೆಂಪಾಗಿ ಕಾಣುತ್ತವೆ. ಇವು ಜೀವಕೋಶಗಳ ಉಸಿರಾಟಕ್ಕೆ ಅಡ್ಡಬರಬಲ್ಲವಾದುದರಿಂದ ಮರಕ್ಕೆ ಹುಳು, ಗೆದ್ದಲು, ಬೂಷ್ಟುಗಳ ವಿರುದ್ಧ ರಕ್ಷಣೆಯನ್ನೂ ಕೊಡುತ್ತವೆ. ಮನುಷ್ಯನು ಅವುಗಳಿಂದ ಬಣ್ಣ ತೆಗೆದದ್ದು, ಮದ್ದು ಮಾಡಿದ್ದು, ಅವುಗಳಿರುವ ಮರವನ್ನು ಬಾಗಿಲಿಗೂ ತೊಲೆಗೂ ಆರಿಸಿಕೊಂಡದ್ದು ಎಲ್ಲವೂ ಮರ ತನ್ನ ಸಲುವಾಗಿ ಮಾಡಿಕೊಂಡ ಈ ಏರ್ಪಾಟಿನ ಮೇಲೆಯೇ ನಿಂತಿದೆ.

ಬಾಗಿಲಿಗೆ ಆರಿಸಿಕೊಂಡ ಮರಗಳಲ್ಲಿ ಮೊದಲನೆಯದು ತೇಗ. ಅದು ಮಿಡಿಗೇಶಿಯ ಕುರುಚಲು ಕಾಡಿನ ಮರವಲ್ಲ, ಹೆಚ್ಚು ಮಳೆಯ ಮಲೆಸೀಮೆಯಿಂದ ಬರಬೇಕಾದದ್ದು. ಆದ್ದರಿಂದಲೇ ಈ ಭಾಗದ ಸಾಮಾನ್ಯ ಮನೆಗಳಿಗಿಂತ ಗೌಡರ, ಶಾನುಭೋಗರ ತೊಟ್ಟಿಮನೆಗಳಿಗೇ ಅದು ಹೆಚ್ಚು ಸಲ್ಲುವಂಥದ್ದು. ತೇಗದ ತಿರುಳಿನಲ್ಲಿ ಟೆಕ್ಟೋಕ್ವಿನೋನ್ ಎಂಬ ಆಂಥ್ರಾಕ್ವಿನೋನ್ ಇರುವುದೇ ಗೆದ್ದಲು ಅದರ ಗೋಜಿಗೆ ಹೋಗದಿರುವುದಕ್ಕೆ ಒಂದು ಮುಖ್ಯ ಕಾರಣ. ಅದೇ ಮರದಲ್ಲಿರುವ ಡಿಆಕ್ಸಿಲ್ಯಾಪಕಾಲ್ ಎಂಬ ಇನ್ನೊಂದು ಕ್ವಿನೋನ್ ಬಡಗಿಗಳಿಗೆ ಪ್ರಿಯವಲ್ಲ: ಗರಗಸದ ಪುಡಿ ತಾಗಿದ ಕೆಲವರ ಕೈಮೇಲೆ ಏಳುವ ತುರಿ, ದದ್ದುಗಳಿಗೆ ಅದೇ ಕಾರಣವೆಂದು ವೈದ್ಯರು ಗುರುತಿಸಿದ್ದಾರೆ.

ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಈ ಸೀಮೆಯದೇ ಆದ ಮರಗಳು ಬೇರೆ. ದಿಂಡಿಗ, ಕಮರ, ಕಗ್ಗಲಿ, ತುಪ್ರ, ಕಕ್ಕೆ ಮುಂತಾದವು ಗುಡ್ಡದ ಇಳಿಜಾರಿನಲ್ಲೂ ಹೊಲದ ಬದುವಿನಲ್ಲೂ ನಿಧಾನವಾಗಿ ಬೆಳೆದು, ನಿಧಾನವಾಗಿ ಬೆಳೆದುದಕ್ಕೇ ಗಟ್ಟಿಯಾಗಿರುವ ಮರಗಳು. ಇವುಗಳಲ್ಲಿ ಕಕ್ಕೆಯ ಕಾಯಿಯ ತಿರುಳನ್ನು ಹಳ್ಳಿಯ ವೈದ್ಯರು ಭೇದಿಗೆ ಕೊಡುತ್ತಿದ್ದುದಕ್ಕೆ ಅದರಲ್ಲಿರುವ ರೀನ್ ಮೊದಲಾದ ಆಂಥ್ರಾಕ್ವಿನೋನುಗಳೇ ಆಧಾರ. ಬೀಡಿ ಎಲೆಯ ತುಪ್ರಕ್ಕೆ ಬಂಧುವಾದ ಜಗಳಗಂಟಿ ಎಂಬ ಮರವೊಂದು ದಖ್ಖನಿನ ಒಣಕಾಡುಗಳಲ್ಲಿದೆ. ಅದರ ಸೌದೆಯನ್ನು ಮನೆಗೆ ತಂದರೆ ಮನೆಯಲ್ಲಿ ಜಗಳವೇಳುತ್ತದೆಂಬ ನಂಬಿಕೆ ಇದ್ದುದರಿಂದ ಅದಕ್ಕೆ ಆ ಹೆಸರು. ಈ ಮರದ ತೊಗಟೆಯಿಂದಲೇ 1961ರಲ್ಲಿ ಭಾರತದ ವಿಜ್ಞಾನಿಗಳಾದ ಕಪಿಲ್ ಮತ್ತು ಧರ್ ಡಯೋಸ್ಪಿರಿನ್ ಎಂಬ ನ್ಯಾಫ್ಥೋಕ್ವಿನೋನನ್ನು ಬೇರ್ಪಡಿಸಿದರು, ಮುಂದೆ ಅದು ಪರೋಪಜೀವಿಗಳ ವಿರುದ್ಧದ ಔಷಧ ಸಂಶೋಧನೆಯಲ್ಲಿ ಪದೇಪದೇ ಕಾಣಿಸಿಕೊಂಡಿತು. ಜಗಳದ ಆಪಾದನೆ ಹೊತ್ತು ಒಲೆಯಿಂದ ತಪ್ಪಿಸಿಕೊಂಡದ್ದರಿಂದ ಆ ಮರಕ್ಕೇನೂ ನಷ್ಟವಾಗಿರಲಾರದು.

ಆದರೆ ಬಟ್ಟೆಯ ಚರಿತ್ರೆಗೆ ಮುಖ್ಯವಾದುದು ಮಡ್ಡಿ. ತಗಟೆ, ತಗಸೆ ಎಂಬ ಹೆಸರುಗಳೂ ಇರುವ ಇದು ಕಾಫಿಯ ಕುಟುಂಬಕ್ಕೆ ಸೇರಿದ, ಒರಟು ತೊಗಟೆಯ, ಬಿಳಿ ಹೂವಿನ ಮರ. ಇದರ ಹಣ್ಣುಗಳು ಒಂದಕ್ಕೊಂದು ಅಂಟಿ ಗಂಟುಗಂಟಾದ ಒಂದೇ ಉಂಡೆಯಾಗಿರುತ್ತವೆ, ಕಾಂಡದ ತಿರುಳು ಹಳದಿಯಾಗಿದ್ದು ತಟ್ಟೆ ಬಟ್ಟಲುಗಳಿಗೆ ಬಳಕೆಯಾಗುತ್ತಿತ್ತು. ಒಣನಾಡಿನ ಜಾತಿಗೆ ವಿಲಿಯಂ ರಾಕ್ಸ್‌ಬರೋ ಮೊರಿಂಡಾ ಟಿಂಕ್ಟೋರಿಯಾ, ಎಂದರೆ ಬಣ್ಣಗಾರರ ಮೊರಿಂಡಾ, ಎಂದು ಹೆಸರಿಟ್ಟರೂ ಇಂದು ಸಸ್ಯಶಾಸ್ತ್ರಜ್ಞರು ಹೆಚ್ಚಾಗಿ ಒಪ್ಪುವುದು ಮೊರಿಂಡಾ ಕೋರಿಯಾ ಎಂಬ ಹೆಸರನ್ನು. ಈ ಎರಡನೆಯ ಹೆಸರನ್ನು ಕೊಟ್ಟವರು ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತಿ, ಆ ಮಳೆಗಾಲದಲ್ಲಿ ಮಧುಗಿರಿ, ಶಿರಾಗಳ ಮೂಲಕ ಹಾದು, ಬೇಸಾಯ, ಕಬ್ಬಿಣದ ಕುಲುಮೆ, ನೇಯ್ಗೆ, ಬಣ್ಣಗಳನ್ನೆಲ್ಲ ಬರೆದಿಟ್ಟು 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ವೈದ್ಯ ಇವರೇ.

ಮಡ್ಡಿಯ ಬಣ್ಣ ಇರುವುದು ಬೇರಿನಲ್ಲಿ, ಅದರಲ್ಲೂ ಬೇರಿನ ತೊಗಟೆಯಲ್ಲಿ. ಮರ ಎಳೆಯದಾಗಿದ್ದಾಗ ಅದು ಹೆಚ್ಚು, ಬೇರು ದಪ್ಪವಾಗುತ್ತ ಹೋದಂತೆ ಕಡಿಮೆ. ಹೀಗಾಗಿ ಆಲ್ ಎಂಬ ಹೆಸರಿನಿಂದ ಇದನ್ನು ಬೆಳೆಯಾಗಿಯೇ ಬೆಳೆಯುತ್ತಿದ್ದ ಮಧ್ಯಭಾರತದಲ್ಲಿ ಬಿತ್ತಿದ ಮೂರು ನಾಲ್ಕು ವರ್ಷಗಳಿಗೆ ಗಿಡವನ್ನು ಬೇರುಸಹಿತ ಅಗೆದು, ಎಳೆಯಂಥ ಸಣ್ಣ ಬೇರನ್ನು ಮೊದಲ ದರ್ಜೆಯೆಂದೂ ನಡುವಿನದನ್ನು ಎರಡನೆಯದೆಂದೂ ವಿಂಗಡಿಸಿ, ದಪ್ಪ ಬೇರನ್ನು ಕೆಲಸಕ್ಕೆ ಬಾರದ್ದೆಂದು ಬಿಸಾಡುತ್ತಿದ್ದರು. ತನಗೆ ತಾನೇ ಬೆಳೆದ ಮರವನ್ನು ನಂಬಿದ ಕಡೆಗಳಲ್ಲಿ ಬದುವಿನ ಸುತ್ತ ಅಗೆದು ಪಕ್ಕದ ಬೇರುಗಳನ್ನು ಮಾತ್ರ ಕಡಿದುಕೊಂಡರೆ ಮರ ಉಳಿಯುತ್ತಿತ್ತು, ಆಸೆ ಹೆಚ್ಚಾದರೆ ಉರುಳುತ್ತಿತ್ತು. ಎಲೆಯನ್ನೋ ಹೂವನ್ನೋ ಕಿತ್ತು ಬಣ್ಣ ತೆಗೆಯುವ ಕಸುಬಿಗೂ ಬೇರನ್ನು ಅಗೆಯುವ ಕಸುಬಿಗೂ ಇರುವ ಈ ವ್ಯತ್ಯಾಸವನ್ನು, ನೈಸರ್ಗಿಕ ಬಣ್ಣವೆಂದರೆ ಪ್ರಕೃತಿಗೆ ಯಾವ ಕೇಡೂ ಇಲ್ಲದ್ದು ಎಂದು ಸಾರುವ ಇಂದಿನ ಜಾಹೀರಾತುಗಳು ಮರೆಯುತ್ತವೆ.

ಇಂಥ ಬೇರುಗಳಲ್ಲಿ ಮಡ್ಡಿ ಒಂಟಿಯಾಗಿರಲಿಲ್ಲ. ಪಪ್ಪಳಿ ಚಕ್ಕೆ ಎಂದು ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದುದು ವೆಂಟಿಲಾಗೋ ಎಂಬ ಕಾಡುಬಳ್ಳಿಯ ಬೇರಿನ ತೊಗಟೆ. ಮಂಜಿಷ್ಠವೂ ಒಂದು ಬಳ್ಳಿ. ತೆಲುಗರ ಚಿರಿವೇರು ಕರಾವಳಿಯ ಮರಳಿನಲ್ಲಿ ಬೆಳೆಯುವ ಪುಟ್ಟ ಗಿಡ. ಒಂದಕ್ಕೊಂದು ಹೋಲಿಕೆಯೇ ಇಲ್ಲದಂತೆ ಕಾಣುವ ಈ ಸಸ್ಯಗಳೆಲ್ಲ ನೆಲದೊಳಗೆ ಕೂಡಿಟ್ಟದ್ದು ಒಂದೇ ಬಳಗದ ಕೆಂಪನ್ನು. ಅರಗಿನ ಕೆಂಪೂ ಆಂಥ್ರಾಕ್ವಿನೋನೇ. ಅದನ್ನು ಮಾಡುವುದು ಮರದ ಮೇಲೆ ಕೂರುವ ಹುಳುವೆಂಬುದಷ್ಟೇ ಭೇದ. ಮೈಸೂರು ಸೀಮೆಯಲ್ಲಿ ಆ ಹುಳುವಿಗೆ ಆಸರೆಯಾಗಿದ್ದುದು ಮುಖ್ಯವಾಗಿ ಗುಡ್ಡಗಾಡಿನ ಜಾಲಾರಿ ಮರ. ಅರಗಿನ ಬಣ್ಣ ರೇಷ್ಮೆಗೆ ಸುಲಭವಾಗಿ ಹಿಡಿಯುತ್ತಿದ್ದುದರಿಂದ ಉಳ್ಳವರ ಸೀರೆಗೆ ಅರಗು, ಹತ್ತಿ ಉಡುವವರಿಗೆ ಮಡ್ಡಿ ಎಂಬಂತೆ ಒಂದು ಹಂಚಿಕೆ ತಾನಾಗಿ ಏರ್ಪಟ್ಟಿತ್ತು. ಕುರುಬರ ಕಂಬಳಿಗೆ ಈ ಯಾವುದೂ ಬೇಕಿರಲಿಲ್ಲ, ಕುರಿಯ ಮೈಮೇಲಿನ ಕರಿಯ ತುಪ್ಪಟವೇ ಅದರ ಬಣ್ಣ.

ಬಣ್ಣದ ಕಸುಬಿಗೆ ಗಿರಾಕಿಯನ್ನು ಒದಗಿಸಿದ್ದು ಶಿರಾ. ಪೆನುಕೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಮೊದಲಾದ ಪರಗಣೆಗಳನ್ನು ಒಳಗೊಂಡ ಸುಬಾಕ್ಕೆ ಎಪ್ಪತ್ತು ವರ್ಷ ರಾಜಧಾನಿಯಾಗಿದ್ದ ಆ ಊರಿನಲ್ಲಿ ಸೈನ್ಯ, ದಫ್ತರ, ಅಮೀರರ ಮನೆಗಳು, ಡೇರೆಗಳು ಎಲ್ಲವೂ ಇದ್ದವು, ಅವುಗಳಿಗೆಲ್ಲ ಬಣ್ಣದ ಬಟ್ಟೆ ಬೇಕಿತ್ತು. ಮಚಲೀಪಟ್ಟಣದ ಮಾದರಿಯ ಚೀಟಿ ಬಟ್ಟೆ ಅಲ್ಲಿ ತಯಾರಾಗುತ್ತಿದ್ದುದನ್ನೂ ಅದು ಕುಂದಿಹೋದುದನ್ನೂ, ಅಲ್ಪಸ್ವಲ್ಪ ಮುದ್ರೆಯ ಅರಗು ಇನ್ನೂ ತಯಾರಾಗುತ್ತಿದ್ದುದನ್ನೂ 19ನೇ ಶತಮಾನದ ಕೊನೆಯ ಭಾಗದ ಗೆಜೆಟಿಯರುಗಳು ಹೇಳುತ್ತವೆ. ಚೀಟಿ ಎಂದರೆ ಅಚ್ಚೊತ್ತಿಯೋ ಕುಂಚದಿಂದ ಬರೆದೋ ಚಿತ್ತಾರ ಮೂಡಿಸಿದ ಹತ್ತಿಬಟ್ಟೆ. ಈ ಕೆಲಸವನ್ನೂ ನೂಲಿಗೆ ಬಣ್ಣ ಹಾಕುವ ಕೆಲಸವನ್ನೂ ಮೈಸೂರು ಸೀಮೆಯಲ್ಲಿ ಮಾಡುತ್ತಿದ್ದವರಲ್ಲಿ ಮರಾಠಿ ಮನೆಮಾತಿನ ರಂಗಾರೆಯವರು ಪ್ರಮುಖರು, ನೀಲಿಯ ಗುಡಾಣದ ಕೆಲಸ ನೀಲಗಾರರದು, ಬಣ್ಣದ ನೂಲನ್ನು ಮಗ್ಗಕ್ಕೆ ಏರಿಸುತ್ತಿದ್ದವರು ದೇವಾಂಗ, ತೊಗಟ ಮೊದಲಾದ ನೇಕಾರರು. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿಗೆ ಜನವಸತಿ ಮಾಡಿಸಲು ಶಿರಾದಿಂದ 12,000 ಕುಟುಂಬಗಳನ್ನು ಸಾಗಿಸಲಾಯಿತೆಂದು ಗೆಜೆಟಿಯರು ಬರೆಯುತ್ತದೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇದ್ದೀತು. ಆದರೂ ಹೊಸ ಪೇಟೆಯೊಂದನ್ನು ನಿಲ್ಲಿಸಲು ಎಬ್ಬಿಸಿಕೊಂಡು ಹೋಗುವುದು ಕಸುಬುದಾರರನ್ನೇ ಎಂಬುದರಲ್ಲಿ ಸಂಶಯವಿಲ್ಲ. ಕೈಗಾರಿಕೆಯ ಬಣ್ಣಗಳು ಬರುವುದಕ್ಕೆ ಬಹಳ ಮುಂಚೆಯೇ ಶಿರಾದ ಬಣ್ಣಗಾರಿಕೆಗೆ ಬಿದ್ದ ಮೊದಲ ಪೆಟ್ಟು ಇದೇ ಆಗಿರಬೇಕು.

ಮಡ್ಡಿಯ ಕೆಂಪನ್ನು ಹತ್ತಿಗೆ ಹಿಡಿಸುವ ವಿಧಾನ ಊರಿಂದೂರಿಗೆ ಬದಲಾದರೂ ಅದರ ಮುಖ್ಯ ಹಂತಗಳು ದಖ್ಖನಿನಲ್ಲೆಲ್ಲ ಒಂದೇ ತೆರನಾಗಿದ್ದವು. ಮೊದಲು ಬಟ್ಟೆಗೆ ಎಳ್ಳೆಣ್ಣೆ ಅಥವಾ ಹರಳೆಣ್ಣೆಯನ್ನು ಬೂದಿಯ ತಿಳಿನೀರಿನಲ್ಲೋ ಸೌಳುಮಣ್ಣಿನ ನೀರಿನಲ್ಲೋ ಕದಡಿ ಉಣಿಸಬೇಕು. ಸೌಳು ಎಂದರೆ ಅಗಸರು ಬಟ್ಟೆ ಒಗೆಯಲು ಬಳಸುತ್ತಿದ್ದ, ಒಣನಾಡಿನ ತಗ್ಗುಗಳಲ್ಲಿ ಬೇಸಗೆಯಲ್ಲಿ ಬೆಳ್ಳಗೆ ಉಬ್ಬುವ ಕ್ಷಾರಮಣ್ಣು. ಇದಕ್ಕೆ ಕುರಿಯ ಹಿಕ್ಕೆಯನ್ನೋ ಸಗಣಿಯನ್ನೋ ಕೂಡಿಸುವುದೂ ಉಂಟು. ನೆನೆಸುವುದು, ತುಳಿಯುವುದು, ಬಿಸಿಲಿಗೆ ಹರಡುವುದು, ಮತ್ತೆ ನೆನೆಸುವುದು, ಹೀಗೆ ದಿನಗಟ್ಟಲೆ ನಡೆದ ಮೇಲೆ ಬಟ್ಟೆಯನ್ನು ಅಳಲೆಕಾಯಿಯ ಕಷಾಯದಲ್ಲಿ ಅದ್ದಿ, ಪಟಿಕದ ನೀರು ಕುಡಿಸಿ, ಕೊನೆಗೆ ಕುಟ್ಟಿ ಪುಡಿಮಾಡಿದ ಬೇರಿನೊಂದಿಗೆ ಹಂಡೆಯಲ್ಲಿ ನಿಧಾನವಾಗಿ ಕಾಯಿಸಬೇಕು. ಪಟಿಕದಂತೆ ಎಳೆಗೂ ಬಣ್ಣಕ್ಕೂ ನಡುವೆ ನಿಂತು ಎರಡನ್ನೂ ಹಿಡಿದಿಡುವ ವಸ್ತುವನ್ನು ವರ್ಣಬಂಧಕ ಎನ್ನುತ್ತಾರೆ. ಪಟಿಕದಲ್ಲಿರುವ ಅಲ್ಯೂಮಿನಿಯಂ ಒಂದು ಬದಿಯಲ್ಲಿ ಎಣ್ಣೆ ಮತ್ತು ಅಳಲೆಯ ಒಗರಿನ ಮೂಲಕ ಹತ್ತಿಯ ಎಳೆಯನ್ನು ಹಿಡಿದು, ಇನ್ನೊಂದು ಬದಿಯಲ್ಲಿ ಕ್ವಿನೋನಿನ ಆಮ್ಲಜನಕಗಳನ್ನು ಇಕ್ಕಳದಂತೆ ಕಚ್ಚಿಕೊಳ್ಳುವುದರಿಂದ ಬಣ್ಣ ನೀರಿಗೆ ಬಿಡುವುದಿಲ್ಲ. ಪಟಿಕದ ಬದಲು ಕಬ್ಬಿಣ ಸೇರಿದರೆ ಅದೇ ಬೇರು ನೇರಳೆಯತ್ತ, ಕಪ್ಪಿನತ್ತ ತಿರುಗುತ್ತದೆ. ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಹುಳಿಯಿಡಿಸಿ ಚೀಟಿಯ ಕಪ್ಪು ಗೆರೆಗಳನ್ನು ಬರೆಯುತ್ತಿದ್ದ ಕಸುಬುದಾರರಿಗೆ ಹಳ್ಳದ ಕರಿಮರಳಿನಿಂದ ಕಬ್ಬಿಣ ಕರಗಿಸುತ್ತಿದ್ದ ಮಧುಗಿರಿ, ಚನ್ನರಾಯನದುರ್ಗದ ಸೀಮೆಯಲ್ಲಿ ಆ ಚೂರುಗಳಿಗೇನೂ ಕೊರತೆ ಇರಲಿಲ್ಲ.

ಈ ಎಣ್ಣೆ, ಹಿಕ್ಕೆ, ಬಿಸಿಲುಗಳ ಉದ್ದನೆಯ ಪೂರ್ವಸಿದ್ಧತೆ ಬರಿಯ ರೂಢಿಯಲ್ಲವೆಂಬುದು ಗೊತ್ತಾದದ್ದು ಸ್ಕಾಟ್ಲೆಂಡಿನಲ್ಲಿ. ಮುಂಬಯಿಯಿಂದ ಸೂರಂಜಿ ಎಂಬ ಹೆಸರಿನಲ್ಲಿ ಹೋದ ಮೊರಿಂಡಾ ಬೇರನ್ನು ಗ್ಲಾಸ್ಗೋದ ನುರಿತ ಬಣ್ಣಗಾರರು ತಮ್ಮ ಮಾಮೂಲಿ ವರ್ಣಬಂಧಕಗಳನ್ನು ಹಚ್ಚಿದ ಬಟ್ಟೆಯ ಮೇಲೆ ಪ್ರಯೋಗಿಸಿ, ಇದು ಬಣ್ಣವೇ ಅಲ್ಲವೆಂದು ತಳ್ಳಿಹಾಕಿದರು. ಥಾಮಸ್ ಆಂಡರ್ಸನ್ ಎಂಬ ರಸಾಯನಶಾಸ್ತ್ರಜ್ಞ 1848ರಲ್ಲಿ ಆ ಬೇರಿನಿಂದ ಮೊರಿಂಡಿನ್ ಎಂಬ ಹಳದಿ ಹರಳನ್ನು ಬೇರ್ಪಡಿಸಿದ್ದಲ್ಲದೆ, ಟರ್ಕಿ ಕೆಂಪು ಎಂಬ ವಿಧಾನಕ್ಕಾಗಿ ಎಣ್ಣೆ ಉಣಿಸಿ ಸಿದ್ಧಪಡಿಸಿದ ಬಟ್ಟೆಯ ಮೇಲೆ ಅದು ಗಟ್ಟಿಯಾಗಿ ಹಿಡಿಯುತ್ತದೆಂದು ತೋರಿಸಿದ. ಮೊರಿಂಡಿನ್ ಎಂದರೆ ಮೊರಿಂಡೋನ್ ಎಂಬ ಆಂಥ್ರಾಕ್ವಿನೋನಿಗೆ ಸಕ್ಕರೆ ಕೂಡಿದ ರೂಪ. ಆ ಸಕ್ಕರೆ ಕಳಚಿದಾಗಲೇ ನಿಜವಾದ ಬಣ್ಣ ಹೊರಬರುತ್ತದೆ. ಬೇರಿನಲ್ಲಿರುವ ಹುಳಿಯ ಅಂಶವನ್ನು ತೊಳೆದೋ ಕ್ಷಾರದಿಂದ ಶಮನಮಾಡಿಯೋ ಕಳೆಯದಿದ್ದರೆ ಬಣ್ಣ ಸರಿಯಾಗಿ ಏಳುವುದಿಲ್ಲವೆಂಬುದನ್ನು ಮುಂದೆ ಲೀಡ್ಸಿನ ರಸಾಯನಶಾಸ್ತ್ರಜ್ಞರಾದ ಹಮ್ಮೆಲ್ ಮತ್ತು ಆರ್ಥರ್ ಜಾರ್ಜ್ ಪರ್ಕಿನ್ ಕಂಡುಕೊಂಡರು. ಬೂದಿನೀರು ಬಳಸುತ್ತಿದ್ದ ಬಣ್ಣಗಾರನಿಗೆ ಈ ಕಾರಣ ತಿಳಿದಿರಲಿಲ್ಲ, ಫಲ ತಿಳಿದಿತ್ತು. ಈ ಕಸುಬಿನಲ್ಲಿ ಮರದ ಪಾಲು ಅರ್ಧ ಮಾತ್ರವೆಂದೂ ಉಳಿದ ಅರ್ಧ ತಲೆಮಾರುಗಳ ಕೈಚಳಕದ್ದೆಂದೂ ಗ್ಲಾಸ್ಗೋದ ಸೋಲಿನಿಂದ ತೀರ್ಮಾನಿಸಬಹುದು.

ಆದರೆ ಅರ್ಥವಾಗುವ ಹೊತ್ತಿಗೆ ಅಂತ್ಯವೂ ಸಮೀಪಿಸಿತ್ತು. ಯುರೋಪಿನ ಮ್ಯಾಡರ್ ಎಂಬ ಬಳ್ಳಿಯ ಬೇರಿನಲ್ಲಿರುವ ಕೆಂಪು ಅಲಿಜರಿನ್, ಅದೂ ಆಂಥ್ರಾಕ್ವಿನೋನೇ, ಮೊರಿಂಡೋನಿಗೆ ಅತಿ ಹತ್ತಿರದ ನೆಂಟ. ಗ್ರೇಬೆ ಮತ್ತು ಲೀಬರ್ಮನ್ ಎಂಬ ಜರ್ಮನರು ಕಲ್ಲಿದ್ದಲ ಟಾರಿನಿಂದ ಅದನ್ನು ತಯಾರಿಸುವ ದಾರಿಯನ್ನು 1868ರಲ್ಲಿ ಕಂಡುಹಿಡಿದರು. ಅಗ್ಗದ ವಿಧಾನಕ್ಕೆ ಅವರ ಬಳಗ ಲಂಡನ್ನಿನಲ್ಲಿ ಹಕ್ಕುಪತ್ರದ ಅರ್ಜಿ ಕೊಟ್ಟದ್ದು 1869ರ ಜೂನ್ 25ರಂದು, ಇಂಗ್ಲೆಂಡಿನ ವಿಲಿಯಂ ಹೆನ್ರಿ ಪರ್ಕಿನ್ ಕೊಟ್ಟದ್ದು ಅದರ ಮರುದಿನ. ಆ ಮೇಲಿನ ಎರಡು ದಶಕಗಳಲ್ಲಿ ಡಬ್ಬಿಗಳಲ್ಲಿ ಬಂದ ಅಲಿಜರಿನ್ ಮತ್ತು ಬಣ್ಣ ಹಾಕಿಯೇ ಬಂದ ಟರ್ಕಿ ಕೆಂಪಿನ ವಿಲಾಯಿತಿ ನೂಲು ಭಾರತದ ಸಂತೆಗಳನ್ನು ತುಂಬಿದವು. ಎಣ್ಣೆ ಉಣಿಸುವ ವಾರಗಟ್ಟಲೆಯ ಕೆಲಸವನ್ನು ಬೇರೆಲ್ಲೋ ಮಾಡಿ ಮುಗಿಸಿದ ನೂಲು ಸಿಗುವಾಗ ನೇಕಾರ ಬಣ್ಣಗಾರನ ಮನೆಗೆ ಹೋಗಬೇಕಾದ ಅಗತ್ಯವೇ ತಪ್ಪಿತು. 1889ರಿಂದ ಹೊರಬಂದ ಜಾರ್ಜ್ ವಾಟ್ ಅವರ ಭಾರತದ ಆರ್ಥಿಕ ಉತ್ಪನ್ನಗಳ ನಿಘಂಟು ಆಲ್ ಬೆಳೆ ಇಳಿಮುಖವಾಗುತ್ತಿದ್ದುದನ್ನು ಹೇಳುತ್ತದೆ. ಮೊರಿಂಡಾ, ಚಿರಿವೇರು, ಪಪ್ಪಳಿ ಚಕ್ಕೆಗಳ ಬಣ್ಣವನ್ನು 1890ರ ದಶಕದಲ್ಲಿ ಒಂದೊಂದಾಗಿ ಬಿಡಿಸಿ ನೋಡಿದ ಲೀಡ್ಸಿನ ಆರ್ಥರ್ ಜಾರ್ಜ್ ಪರ್ಕಿನ್, ಅಲಿಜರಿನ್ ತಯಾರಿಸಿದ ವಿಲಿಯಂ ಪರ್ಕಿನ್ನನ ಮಗ. ತಂದೆ ಕಾರಖಾನೆಯಿಂದ ಮುಗಿಸಿದ ಕಸುಬಿನ ಪಂಚನಾಮೆಯನ್ನು ಮಗ ಪ್ರಯೋಗಶಾಲೆಯಲ್ಲಿ ಬರೆದಂತಾಯಿತು.

1914ರಲ್ಲಿ ಮಹಾಯುದ್ಧ ಆರಂಭವಾಗಿ ಜರ್ಮನಿಯ ಬಣ್ಣಗಳು ನಿಂತುಹೋದಾಗ ಮೈಸೂರು ಸಂಸ್ಥಾನಕ್ಕೆ ಒಂದು ಅವಕಾಶ ಬಂದಿತ್ತು. ಅದೇ ಯುದ್ಧದಿಂದ ಜರ್ಮನಿಗೆ ಹೋಗಬೇಕಾದ ಶ್ರೀಗಂಧ ಗೋದಾಮಿನಲ್ಲಿ ಉಳಿದಾಗ ಸರ್ಕಾರ ಕೈಕಟ್ಟಿ ಕೂರಲಿಲ್ಲ. ಕೈಗಾರಿಕಾ ನಿರ್ದೇಶಕರಾಗಿದ್ದ ಆಲ್‌ಫ್ರೆಡ್ ಚಾಟರ್ಟನ್ನರ ಉಸ್ತುವಾರಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರ ನೆರವಿನಿಂದ 1916ರಲ್ಲಿ ಗಂಧದೆಣ್ಣೆಯ ತಯಾರಿಕೆ ಆರಂಭವಾಯಿತು. ಮಡ್ಡಿಗೆ ಅಂಥ ಯೋಗ ಬರಲಿಲ್ಲ. ಗಂಧಕ್ಕೆ ಪ್ರತಿಸ್ಪರ್ಧಿಯಾದ ಕೃತಕ ವಸ್ತು ಆಗ ಇರಲಿಲ್ಲ, ಮಡ್ಡಿಯ ಕೆಂಪಿಗೆ ತನಗಿಂತ ಅಗ್ಗವೂ ಹೊಳಪೂ ಆದ ಕೃತಕ ಸೋದರ ಇದ್ದ. ಬೇರನ್ನು ಅಗೆಯುವ ಕೂಲಿಯನ್ನೂ ವಾರಗಳ ದುಡಿಮೆಯನ್ನೂ ಲೆಕ್ಕ ಹಾಕಿದರೆ ಯಾವ ದಿವಾನರೂ ಬೇರೆ ತೀರ್ಮಾನಕ್ಕೆ ಬರುತ್ತಿರಲಿಲ್ಲ. ಇದನ್ನು ಪರಕೀಯರ ಕುತಂತ್ರವೆಂದಷ್ಟೇ ಬಣ್ಣಿಸುವ ಬರಹಗಳು ಕಸುಬಿನ ಒಳಗಿನ ಕಷ್ಟವನ್ನು ಕಡೆಗಣಿಸುತ್ತವೆ.

ಮರದ ಕ್ವಿನೋನುಗಳ ಕಥೆ ಇಲ್ಲಿಂದ ಬಟ್ಟೆಯನ್ನು ಬಿಟ್ಟು ಔಷಧದ ಕಡೆಗೆ ಹೊರಳುತ್ತದೆ. ದಕ್ಷಿಣ ಅಮೆರಿಕದ ಲ್ಯಾಪಾಚೋ ಮರದಿಂದ ಹೆಸರು ಪಡೆದ, ತೇಗದಲ್ಲೂ ಸಿಗುವ ಲ್ಯಾಪಕಾಲ್ ಎಂಬ ನ್ಯಾಫ್ಥೋಕ್ವಿನೋನನ್ನು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಅರ್ಬುದದ ವಿರುದ್ಧ ಪರೀಕ್ಷಿಸಿ, ರಕ್ತದಲ್ಲಿ ಸಾಕಷ್ಟು ಪ್ರಮಾಣಕ್ಕೆ ಏರದಿರುವುದರಿಂದಲೂ ಅಡ್ಡಪರಿಣಾಮಗಳಿಂದಲೂ 1970ರ ದಶಕದಲ್ಲಿ ಕೈಬಿಟ್ಟಿತು. ಅದೇ ಬಳಗದ ರಚನೆಗಳನ್ನು ಎರಡನೆಯ ಮಹಾಯುದ್ಧದ ಕಾಲದಿಂದ ಮಲೇರಿಯಾಕ್ಕಾಗಿ ತಿದ್ದುತ್ತ ಹೋದ ಸಂಶೋಧನೆಯಿಂದ ಮಾತ್ರ ಅಟೋವಾಕ್ವೋನ್ ಎಂಬ ಉಪಯುಕ್ತ ಔಷಧ ಹುಟ್ಟಿ 1992ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ಮಡ್ಡಿಯ ಕರಾವಳಿಯ ಜಾತಿಯ ಹಣ್ಣು 1990ರ ದಶಕದಿಂದ ನೋನಿ ಎಂಬ ಹೆಸರಿನಲ್ಲಿ ಶೀಶೆಯೊಳಗೆ ಬಂದು ಎಲ್ಲ ರೋಗಕ್ಕೂ ಮದ್ದೆಂದು ಮಾರಾಟವಾಗುತ್ತಿದೆ. ಈ ಮಾತುಗಳಲ್ಲಿ ಬಹುಪಾಲಿಗೆ ಗಟ್ಟಿಯಾದ ಪುರಾವೆಯಿಲ್ಲ, ಬೇರಿನ ಬಣ್ಣಕ್ಕಿದ್ದ ಪುರಾವೆಯಂತೂ ಖಂಡಿತ ಇಲ್ಲ.

ಆ ಪುರಾವೆ ಇರುವುದು ಹಳೆಯ ಬಟ್ಟೆಯಲ್ಲಿ. ಮೊರಿಂಡೋನಿಗೂ ಅಲಿಜರಿನ್ನಿಗೂ ಅರಗಿನ ಕೆಂಪಿಗೂ ರಚನೆಯಲ್ಲಿ ಇರುವ ಸಣ್ಣ ವ್ಯತ್ಯಾಸಗಳನ್ನು ಇಂದಿನ ದ್ರವ ವರ್ಣರೇಖನ ಎಂಬ ವಿಧಾನ, ಎಂದರೆ ಮಿಶ್ರಣವೊಂದರ ಘಟಕಗಳನ್ನು ದ್ರವದಲ್ಲಿ ಹರಿಯಬಿಟ್ಟು ಬೇರ್ಪಡಿಸುವ ಪರೀಕ್ಷೆ, ಕೆಲವೇ ಮಿಲಿಮೀಟರ್ ಉದ್ದದ ಎಳೆಯೊಂದರಿಂದ ಗುರುತಿಸಬಲ್ಲದು. ಮಡ್ಡಿಯ ಬೇರಿನದೋ, ಚಿರಿವೇರಿನದೋ, ಜರ್ಮನಿಯ ಡಬ್ಬಿಯದೋ ಎಂಬುದು ತಿಳಿದರೆ ಬಟ್ಟೆಯ ಕಾಲವನ್ನೂ ವ್ಯಾಪಾರದ ದಾರಿಯನ್ನೂ ಊಹಿಸಲು ಸಾಧ್ಯವಾಗುತ್ತದೆ. ಆದುದರಿಂದ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳ ಹಳೆಯ ಮನೆಗಳಲ್ಲಿ ಶಾನುಭೋಗರ ಕಡತಕ್ಕೆ ಸುತ್ತಿದ ಕೆಂಪು ವಸ್ತ್ರ, ದೇವರ ಪೆಟ್ಟಿಗೆಯ ಹೊದಿಕೆ, ಅಜ್ಜಿಯ ಕಾಲದ ಸೀರೆಯ ಅಂಚು ಉಳಿದಿದ್ದರೆ, ಅವನ್ನು ಕಸವೆಂದು ಎಸೆಯದೆ, ಸಾಬೂನಿನಲ್ಲಿ ಒಗೆಯದೆ, ಯಾವ ಊರಿನದು ಯಾರ ಕಾಲದ್ದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟು, ಹತ್ತಿರದ ವಸ್ತುಸಂಗ್ರಹಾಲಯಕ್ಕೋ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ತೋರಿಸಬೇಕು.